ಬಾವಿ ನಮ್ಮದು, ನೀರು ಇಡೀ ಬೈಲಿನದು

ತುಳುವರ ಆಟಿ ತಿಂಗಳಲ್ಲಿ, ಎಂದರೆ ಜೋರು ಮಳೆಯ ಹೊತ್ತಿನಲ್ಲಿ, ನಮ್ಮ ಬಾವಿಗೆ ಹಗ್ಗ ಬೇಡ. ಕಟ್ಟೆಯ ಮೇಲೆ ಬಗ್ಗಿ ಕೊಡಪಾನ ಅದ್ದಿದರೆ ಸಾಕು, ನೀರು ಸಿಗುತ್ತದೆ. ಉಡುಪಿಯ ಸುತ್ತಮುತ್ತ, ಮಂಗಳೂರಿನ ತಗ್ಗು ಜಾಗಗಳಲ್ಲಿ ಜುಲೈ, ಆಗಸ್ಟ್‌ನಲ್ಲಿ ತುಂಬಾ ಬಾವಿಗಳು ಹೀಗೆಯೇ ಇರುತ್ತವೆ. ಮನೆಗೆ ಬಂದ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುವಷ್ಟು ಚಂದ. ತಳದ ಕಲ್ಲು ಕಾಣುವಷ್ಟು ತಿಳಿ ನೀರು. "ನಮ್ಮ ಬಾವಿ ನೀರು ಕುಡಿದು ನೋಡಿ, ಫಿಲ್ಟರ್ ಎಲ್ಲ ಎಂತಕ್ಕೆ ಮಾರಾಯ್ರೆ?" ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ.

ಬಾವಿ ನೀರು ಹೆಚ್ಚು ಕೆಡುವುದೂ ಇದೇ ತಿಂಗಳಲ್ಲಿ. ಅದು ನನಗೆ ಗೊತ್ತಾಗಿದ್ದು ಮೂರು ವರ್ಷದ ಹಿಂದೆ. ಆಟಿ ಕಳೆಯುವ ಹೊತ್ತಿಗೆ ನಮ್ಮ ಓಣಿಯ ಮೂರು ಮನೆಯ ಮಕ್ಕಳಿಗೆ ಕಾಮಾಲೆ ಬಂತು. ಎಲ್ಲರೂ ಬೈದದ್ದು ಪೇಟೆಯ ತಿಂಡಿಯನ್ನು. ಐಸ್‌ಕ್ಯಾಂಡಿ, ಗೋಬಿ, ಜ್ಯೂಸ್. ಬಾವಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವುದು ಕಷ್ಟವೂ ಹೌದು. ಕೊಳೆ ನೀರಿನಿಂದ ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹೊಟ್ಟೆಗೆ ಹೋದ ಮೇಲೆ ಕಾಯಿಲೆ ಕಾಣಿಸಲು 15ರಿಂದ 50 ದಿನ ಬೇಕು. ಸರಾಸರಿ 28 ದಿನ. ಇವತ್ತು ಮಗುವಿನ ಕಣ್ಣು ಹಳದಿಯಾದರೆ ಕಾರಣವನ್ನು ಹೋದ ತಿಂಗಳಲ್ಲಿ ಹುಡುಕಬೇಕು. ಹೋದ ತಿಂಗಳು ಕುಡಿದ ನೀರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಕೊನೆಗೆ ಸುಮ್ನೆ ನೋಡೋಣ ಎಂದು ಒಂದು ಪರೀಕ್ಷೆಯ ಬಾಟಲಿ ತಂದೆವು. ಅದರಲ್ಲಿ ನೀರು ತುಂಬಿಸಿ ಮುಚ್ಚಿಡಬೇಕು. ಮಲದ ಬ್ಯಾಕ್ಟೀರಿಯಾ ಇದ್ದರೆ 24ರಿಂದ 48 ಗಂಟೆಯೊಳಗೆ ನೀರು ಕಪ್ಪಾಗುತ್ತದೆ. ನಮ್ಮದು ಮರುದಿನ ಬೆಳಿಗ್ಗೆಯೇ ಕಪ್ಪಾಗಿತ್ತು. ತಳ ಕಾಣುವ, ಸಿಹಿಯಾದ, ತಣ್ಣಗಿನ ನಮ್ಮ ಅದೇ ನೀರು.

ಹೀಗಾಗುವುದು ಏಕೆ ಎಂದು ತಿಳಿಯಲು ನಮ್ಮ ಕಾಲ ಕೆಳಗಿನ ನೆಲವನ್ನು ನೋಡಬೇಕು. ಕರಾವಳಿಯ ಬಹುಪಾಲು ಮೇಲುನೆಲ ಮುರಕಲ್ಲು. ಮನೆ ಕಟ್ಟಲು ತರುವ ಕೆಂಪುಕಲ್ಲು ಇದೆಯಲ್ಲ, ಅದೇ. ಹೊಸದಾಗಿ ಕಡಿದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಹುಳ ಕೊರೆದ ಹಾಗೆ ತೂತು ತೂತು. ಕೆಲವು ತೂತು ಬೆರಳು ಹೋಗುವಷ್ಟು ದೊಡ್ಡದು. ಈ ಕಲ್ಲಿನ ಕೆಳಗೆ ಜಾರುವ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು ಇರುತ್ತದೆ. ಅದರ ಕೆಳಗೆ ಗಟ್ಟಿ ಕರಿಬಂಡೆ. ಮಳೆ ನೀರು ಮುರಕಲ್ಲಿನ ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ. ಶೇಡಿ ಸಿಕ್ಕಿದಲ್ಲಿ ನಿಧಾನವಾಗುತ್ತದೆ. ಅಲ್ಲಿ ನಿಂತ ನೀರೇ ನಮ್ಮ ತೆರೆದ ಬಾವಿಗಳ ನೀರು.

ಇದೇ ಕಾರಣಕ್ಕೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಏಪ್ರಿಲ್‌ನಲ್ಲಿ ಬಾವಿ ಒಣಗುತ್ತದೆ. ನೀರು ಬೇಗ ಇಳಿಯುತ್ತದೆ, ಬೇಗ ತೋಡು ಎಂಬ ಸಣ್ಣ ಹಳ್ಳಕ್ಕೆ, ಹೊಳೆಗೆ ಜಾರಿ ಹೋಗುತ್ತದೆ. 2019ರ ಬೇಸಿಗೆಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದಾಗ ಮಂಗಳೂರಿಗೆ ನಲ್ಲಿ ನೀರನ್ನು ಪಾಳಿಯಲ್ಲಿ ಬಿಟ್ಟರು. ಆಗ ಎಷ್ಟೋ ಮನೆಗಳನ್ನು ಕಾಪಾಡಿದ್ದು ಹಿತ್ತಲಿನ ಹಳೆಯ ಬಾವಿ. ಹಾಗಾಗಿ "ನಲ್ಲಿ ನೀರು ಬಂದಿದೆ, ಇನ್ನು ಬಾವಿ ಎಂತಕ್ಕೆ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಲ್ಲಿ ಕೈಕೊಟ್ಟ ದಿನ ನಾವು ಓಡುವುದು ಬಾವಿಕಟ್ಟೆಗೇ.

ನೀರು ಸಲೀಸಾಗಿ ಇಳಿಯುವ ನೆಲದಲ್ಲಿ ಕೊಳೆಯೂ ಸಲೀಸಾಗಿಯೇ ಇಳಿಯುತ್ತದೆ. ಕೊಳೆ ನೀರನ್ನು ಶುದ್ಧ ಮಾಡುವ ಶಕ್ತಿ ಮಣ್ಣಿಗೆ ಇದೆ ನಿಜ. ಮಣ್ಣಿನ ಸಣ್ಣ ಕಣಗಳ ನಡುವೆ ನೀರು ನಿಧಾನವಾಗಿ ಜಿನುಗುವಾಗ ರೋಗಾಣುಗಳು ಅಲ್ಲಲ್ಲೇ ಅಂಟಿಕೊಳ್ಳುತ್ತವೆ, ಮಣ್ಣಿನ ಬೇರೆ ಜೀವಿಗಳಿಗೆ ಆಹಾರವಾಗುತ್ತವೆ, ದಿನ ಕಳೆದ ಹಾಗೆ ಸಾಯುತ್ತವೆ. ಈ ಕೆಲಸ ಚೆನ್ನಾಗಿ ನಡೆಯುವುದು ಗಾಳಿಯಾಡುವ ಒಣ ಮಣ್ಣಿನಲ್ಲಿ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ ಕಾವಲು ವಲಯ ಗುರುತಿಸುವಾಗ ಅಡಿ, ಮೀಟರ್ ಬದಲು ದಿನಗಳ ಲೆಕ್ಕ ಹಾಕುತ್ತಾರೆ. ನೆಲದೊಳಗಿನ ನೀರು ಬಾವಿ ಮುಟ್ಟಲು 50 ದಿನ ಬೇಕಾಗುವಷ್ಟು ದೂರದವರೆಗೆ ಕೊಳೆಗೆ ಜಾಗವಿಲ್ಲ. ಅಷ್ಟು ದಿನದಲ್ಲಿ ಹೆಚ್ಚಿನ ರೋಗಾಣುಗಳು ಸಾಯುತ್ತವೆ ಎನ್ನುವುದು ಲೆಕ್ಕ. ನಮ್ಮ ಮುರಕಲ್ಲಿನ ತೂತಿನಲ್ಲಿ, ಸುರಿಯುವ ಮಳೆಯಲ್ಲಿ, ಅದೇ ದೂರವನ್ನು ನೀರು ಬಹಳ ಬೇಗ ದಾಟಬಹುದು.

ಈಗ ಟಾಯ್ಲೆಟ್ ಪಿಟ್ಟಿಗೆ ಬರೋಣ. ನಮ್ಮಲ್ಲಿ ಬಹಳ ಮನೆಗಳ "ಸೆಪ್ಟಿಕ್ ಟ್ಯಾಂಕ್" ನಿಜವಾಗಿ ಟ್ಯಾಂಕೇ ಅಲ್ಲ. ಎಂಟು ಹತ್ತು ಅಡಿ ಗುಂಡಿ, ಅದರೊಳಗೆ ಸಿಮೆಂಟ್ ರಿಂಗ್ ಅಥವಾ ಸಂದು ಬಿಟ್ಟು ಕಟ್ಟಿದ ಕೆಂಪುಕಲ್ಲು. ತಳಕ್ಕೆ ಸಿಮೆಂಟ್ ಇಲ್ಲ. "ನಮ್ಮ ಪಿಟ್ ಇಪ್ಪತ್ತು ವರ್ಷದಿಂದ ತುಂಬಲೇ ಇಲ್ಲ" ಎಂದು ಹೇಳುವವರು ಇದ್ದಾರೆ. ತುಂಬಲಿಲ್ಲ ಎಂದರೆ ಒಳಗೆ ಹಾಕಿದ್ದು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ ಅಲ್ವಾ?

ಬೇಸಿಗೆಯಲ್ಲಿ ಅಂತರ್ಜಲ ಮೂವತ್ತು ಅಡಿ ಕೆಳಗೆ ಇರುತ್ತದೆ. ಆಗ ಪಿಟ್ಟಿನ ತಳಕ್ಕೂ ನೀರಿಗೂ ನಡುವೆ ಇಪ್ಪತ್ತು ಅಡಿ ಒಣ ನೆಲ ಸಿಗುತ್ತದೆ. ಸ್ವಲ್ಪವಾದರೂ ಸೋಸುತ್ತದೆ. ಈ ನಡುವಿನ ಒಣ ಮಣ್ಣು ಕನಿಷ್ಠ 2 ಮೀಟರ್ ಇರಬೇಕು ಎನ್ನುವುದು ಶೌಚಾಲಯ ಕಟ್ಟುವವರಿಗೆ ಹೇಳುವ ಪಾಠ. ಜುಲೈಯಲ್ಲಿ ಏನಾಗುತ್ತದೆ ನೋಡಿ. ಬಾವಿಯಲ್ಲಿ ನೀರು ನೆಲದಿಂದ ನಾಲ್ಕು ಅಡಿ ಕೆಳಗೆ ನಿಂತಿದ್ದರೆ, ಪಕ್ಕದ ನೆಲದೊಳಗೂ ನೀರು ಹೆಚ್ಚುಕಡಿಮೆ ಅಷ್ಟೇ ಮೇಲೆ ಇರುತ್ತದೆ. ಹತ್ತು ಅಡಿ ಪಿಟ್ಟಿನ ಕೆಳಗಿನ ಆರು ಅಡಿ ಆಗ ಅಂತರ್ಜಲದ ಒಳಗೇ ಮುಳುಗಿರುತ್ತದೆ. ಸೋಸಲು ಮಣ್ಣೇ ಉಳಿಯಲಿಲ್ಲ. ಪಿಟ್ಟೂ ಬಾವಿಯೂ ಒಂದೇ ನೀರಿನಲ್ಲಿ ಕೂತಿವೆ.

ಹಾಗಾದರೆ ಎಷ್ಟು ದೂರ ಇರಬೇಕು? ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು ಎಂದು ಭಾರತೀಯ ಮಾನಕ ಬ್ಯೂರೋದ ಸಂಹಿತೆ ಹೇಳುತ್ತದೆ. ಹೆಚ್ಚುಕಡಿಮೆ 60 ಅಡಿ. ಇದನ್ನು ನಮ್ಮ ಸೈಟಿಗೆ ಹಾಕಿ ನೋಡಿ. ಇಲ್ಲಿ ಮಧ್ಯಮ ವರ್ಗದವರು ಕೊಳ್ಳುವುದು 5 ಸೆಂಟ್ಸ್ ಜಾಗ. 5 ಸೆಂಟ್ಸ್ ಎಂದರೆ 2,178 ಚದರ ಅಡಿ. ಚೌಕವಾಗಿದ್ದರೆ ಒಂದು ಬದಿ ಸುಮಾರು 47 ಅಡಿ. ಒಂದು ಮೂಲೆಯಲ್ಲಿ, ಕಂಪೌಂಡಿನಿಂದ ಐದೈದು ಅಡಿ ಬಿಟ್ಟು ಬಾವಿ ತೋಡಿದಿರಿ. ಎದುರು ಮೂಲೆಯಲ್ಲಿ ಹಾಗೆಯೇ ಐದೈದು ಅಡಿ ಬಿಟ್ಟು ಪಿಟ್ ತೆಗೆದಿರಿ. ನಡುವಿನ ದೂರ 52 ಅಡಿ. ಎಷ್ಟು ಎಚ್ಚರ ವಹಿಸಿದರೂ 60 ಅಡಿ ಆಗುವುದೇ ಇಲ್ಲ. 5 ಸೆಂಟ್ಸ್ ಜಾಗದಲ್ಲಿ ಸ್ವಂತ ಬಾವಿ, ಸ್ವಂತ ಪಿಟ್ ಎರಡೂ ನಿಯಮದ ಪ್ರಕಾರ ಹಿಡಿಸುವುದಿಲ್ಲ. ಆದರೂ ಲೇಔಟ್ ಮೇಲೆ ಲೇಔಟ್ ಏಳುತ್ತಿವೆ. ಮನೆಗೊಂದು ಬಾವಿ, ಮನೆಗೊಂದು ಪಿಟ್.

ಇದು ನಿಮ್ಮ ಪಿಟ್ಟಿನ ಲೆಕ್ಕ ಮಾತ್ರ. ಪಕ್ಕದ ಮನೆಯದ್ದು?

ಇಲ್ಲಿ ಒಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ನಮ್ಮ ಕಡೆ ಹೆಚ್ಚಿನವರು ವಾಸ್ತು ನೋಡಿಯೇ ಬಾವಿ ತೋಡುತ್ತಾರೆ. ಬಾವಿ ಈಶಾನ್ಯಕ್ಕೆ. ಪಿಟ್ಟಿಗೆ ವಾಯವ್ಯ ಒಳ್ಳೆಯದು ಎನ್ನುತ್ತಾರೆ. ಒಂದೇ ಮನೆ, ಸುತ್ತ ಎಕರೆಗಟ್ಟಲೆ ತೋಟ ಇದ್ದ ಕಾಲದಲ್ಲಿ ಇದರಿಂದ ಏನೂ ತೊಂದರೆ ಇರಲಿಲ್ಲ. ಈಗ ಸಾಲಾಗಿ ಸೈಟುಗಳು. ನಿಮ್ಮ ಬಾವಿ ನಿಮ್ಮ ಈಶಾನ್ಯ ಮೂಲೆಯಲ್ಲಿದೆ. ನಿಮ್ಮ ಪೂರ್ವಕ್ಕೆ ಇರುವ ಮನೆಯವರ ವಾಯವ್ಯ ಮೂಲೆ ಯಾವುದು? ಸರಿಯಾಗಿ ನಿಮ್ಮ ಈಶಾನ್ಯ ಮೂಲೆಗೆ ತಾಗಿಕೊಂಡ ಮೂಲೆಯೇ. ಕಂಪೌಂಡಿನ ಈ ಬದಿ ನಿಮ್ಮ ಬಾವಿ, ಆ ಬದಿ ಅವರ ಪಿಟ್. ನಡುವೆ ಹತ್ತು ಅಡಿ. ಇಬ್ಬರೂ ನಂಬಿಕೆಯಿಂದ, ಒಳ್ಳೆಯ ಮನಸ್ಸಿನಿಂದ, ತಮ್ಮ ತಮ್ಮ ಜಾಗದಲ್ಲಿ ಎಲ್ಲ ಸರಿಯಾಗಿಯೇ ಮಾಡಿದ್ದಾರೆ. ಇಬ್ಬರಲ್ಲಿ ಯಾರೂ ಕಂಪೌಂಡಿನ ಆಚೆ ನೋಡಲಿಲ್ಲ, ಅಷ್ಟೆ.

ಕಂಪೌಂಡ್ ಗೋಡೆ ನೆಲದೊಳಗೆ ಒಂದೆರಡು ಅಡಿ ಇಳಿಯುತ್ತದೆ. ನೀರು ಅದರ ಕೆಳಗೆ ಹರಿಯುತ್ತದೆ. ಅಂತರ್ಜಲ ಸಾಮಾನ್ಯವಾಗಿ ನೆಲದ ಇಳಿಜಾರಿನ ಕಡೆಗೇ ಹೋಗುತ್ತದೆ. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಪದವಿನಿಂದ ಬೈಲಿಗೆ. ಪದವು ಎಂದರೆ ಮೇಲಿನ ಬೋಳು ಮುರಕಲ್ಲಿನ ಬಯಲು. ಬೈಲು ಎಂದರೆ ಕೆಳಗಿನ ಗದ್ದೆ, ತೋಟ, ತೋಡು ಇರುವ ತಗ್ಗು. ಪದವಿನ ಮೇಲೆ ಬಿದ್ದ ಮಳೆಯೇ ಬೈಲಿನ ಬಾವಿಗೆ ಒರತೆಯಾಗಿ ಬರುತ್ತದೆ. ಮೊದಲು ಪದವು ದನ ಮೇಯುವ ಜಾಗವಾಗಿತ್ತು. ಈಗ ಅಲ್ಲಿ ಲೇಔಟ್, ಕಾಲೇಜು, ಕೈಗಾರಿಕೆ, ಕಸದ ರಾಶಿ. ಮೇಲೆ ಏನು ಇಟ್ಟರೂ ಅದರ ರಸ ಕೆಳಗಿನವರ ಬಾವಿಗೆ ಇಳಿಯುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಮಂಗಳೂರಿನ ಪಚ್ಚನಾಡಿಯನ್ನು ನೋಡಬೇಕು. ಇಡೀ ನಗರದ ಕಸವನ್ನು ವರ್ಷಗಟ್ಟಲೆ ಅಲ್ಲಿನ ಎತ್ತರದ ಜಾಗದಲ್ಲಿ ಸುರಿದರು. 2019ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಆ ಕಸದ ಗುಡ್ಡವೇ ಜಾರಿತು. ಕೆಳಗಿನ ಮಂದಾರ ಎಂಬ ಜಾಗದ ಅಡಿಕೆ, ತೆಂಗಿನ ತೋಟಗಳನ್ನು, ಮನೆಗಳನ್ನು ಮುಚ್ಚಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಟಿವಿಯಲ್ಲಿ ಎಲ್ಲರೂ ನೋಡಿದ್ದು ಕಸ ಜಾರಿದ್ದನ್ನು. ಕಾಣದೇ ನಡೆದದ್ದು ಕಸದ ಕಪ್ಪು ರಸ ಇಳಿದದ್ದು. ಅದು ಬಾವಿಗೆ ಹೋಯಿತು, ತೋಡಿಗೆ ಹೋಯಿತು, ತೋಡಿನಿಂದ ಫಲ್ಗುಣಿ ನದಿಗೆ ಹೋಯಿತು. ಅದೇ ನದಿಯಲ್ಲಿ ಮುಂದೆ ಮರವೂರಿನ ಕಿಂಡಿ ಅಣೆಕಟ್ಟು ಇದೆ. ಅಲ್ಲಿಂದ ಕುಡಿಯುವ ನೀರು ಎತ್ತುತ್ತಾರೆ.

ಕಸದ ರಸ ಟಾಯ್ಲೆಟ್ ನೀರಿಗಿಂತ ಬೇರೆ ಜಾತಿಯದ್ದು. ಅದರಲ್ಲಿ ಕೊಳೆತ ಆಹಾರದ ಜೊತೆಗೆ ಬ್ಯಾಟರಿ, ಬಣ್ಣ, ಟ್ಯೂಬ್‌ಲೈಟು, ಔಷಧಿಗಳ ಅಂಶ ಸೇರಿರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ. ಸೀಸ, ಪಾದರಸ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಅವು ಇನ್ನೂ ಗಟ್ಟಿಯಾಗುತ್ತವೆ. ಕಸ ಸುರಿಯುವುದನ್ನು ನಾಳೆ ನಿಲ್ಲಿಸಿದರೂ ಒಳಗೆ ಇರುವುದು ವರ್ಷಗಟ್ಟಲೆ ಮಳೆಗೆ ನೆನೆದು ಇಳಿಯುತ್ತಲೇ ಇರುತ್ತದೆ. ಇದಕ್ಕಾಗಿಯೇ ನನಗೆ ಊರೂರಿನ ಹಳೆಯ ಕೆಂಪುಕಲ್ಲಿನ ಕೋರೆಗಳನ್ನು ನೋಡಿದರೆ ಭಯ. ಕಲ್ಲು ತೆಗೆದು ಮುಗಿದ ಮೇಲೆ ಆ ಹೊಂಡಕ್ಕೆ ಕೋಳಿ ಅಂಗಡಿಯ ತ್ಯಾಜ್ಯ, ಮದುವೆ ಹಾಲಿನ ಎಂಜಲು, ಡಯಾಪರ್ ಎಲ್ಲ ಬೀಳುತ್ತದೆ. ಕೋರೆ ಎಂದರೆ ಮೇಲಿನ ಮಣ್ಣು, ಮೇಲಿನ ಕಲ್ಲು ತೆಗೆದು ಅಂತರ್ಜಲಕ್ಕೆ ಹತ್ತಿರ ಮಾಡಿದ ಜಾಗ. ಸೋಸುವ ಪದರವನ್ನೇ ನಾವು ಕಿತ್ತು ಮಾರಿದ್ದೇವೆ. ಹಾಳುಬಿದ್ದ ಬಾವಿಗೆ ಕಸ ಹಾಕುವುದು ಇನ್ನೂ ಕೆಟ್ಟದ್ದು. ಅದು ನೇರ ಅಂತರ್ಜಲದ ಬಾಯಿಗೇ ಹಾಕಿದ ಹಾಗೆ.

ಉಡುಪಿಯವರಿಗೆ ಪಚ್ಚನಾಡಿ ದೂರ ಅನ್ನಿಸಬಹುದು. ನಮಗೆ ಇಂದ್ರಾಣಿ ಹೊಳೆ ಇದೆ. ಹೆಸರಿಗೆ ತೀರ್ಥ. ನಗರದ ಕೊಳಚೆ ಸೇರಿ ಸೇರಿ ಅದು ಚರಂಡಿಯ ಹಾಗೆ ಹರಿಯುತ್ತಿದೆ. ಅದರ ದಡದ ಮನೆಗಳವರು ಬಾವಿ ನೀರು ಕೆಟ್ಟಿದೆ ಎಂದು ದೂರುತ್ತಾ ಬಂದಿದ್ದಾರೆ. ತೋಡು, ಬಾವಿ ಬೇರೆ ಬೇರೆ ಎಂದು ನಾವು ಅಂದುಕೊಂಡಿದ್ದೇವೆ. ಬೇಸಿಗೆಯಲ್ಲಿ ಬಾವಿ ಇಳಿದಾಗ ತೋಡಿನ ನೀರೇ ದಡದ ಒಳಗಿನಿಂದ ಬಾವಿ ಕಡೆಗೆ ಸರಿಯುತ್ತದೆ. ಪಂಪು ಎಳೆದಷ್ಟೂ ಹೆಚ್ಚು ಸರಿಯುತ್ತದೆ.

ಒಳಚರಂಡಿ ಬಂದರೆ ಎಲ್ಲ ಸರಿಯಾಗುತ್ತದೆ ಎನ್ನುವ ನಂಬಿಕೆ ಇದೆ. ಅರ್ಧ ನಿಜ. ಪೈಪಿನ ಕೀಲು ಬಿಟ್ಟರೆ ಅದು ಇಡೀ ಬೀದಿಯ ಕೊಳೆಯನ್ನು ಒಂದೇ ಕಡೆ ನೆಲಕ್ಕೆ ಬಿಡುವ ಪಿಟ್ ಆಗುತ್ತದೆ. ಮಳೆಗಾಲದಲ್ಲಿ ಮಾಡಿನ, ಎಂದರೆ ಚಾವಣಿಯ, ನೀರನ್ನು, ಅಂಗಳದ ನೀರನ್ನು ಒಳಚರಂಡಿಗೆ ತಿರುಗಿಸುವವರು ಬಹಳ ಜನ. ಆಗ ಮ್ಯಾನ್‌ಹೋಲ್ ಉಕ್ಕಿ ಕೊಳೆ ನೀರು ರಸ್ತೆ ಮೇಲೆ ಹರಿದು ತಗ್ಗಿನ ಮನೆಯ ಬಾವಿಗೆ ಬೀಳುತ್ತದೆ. ಮಾಡಿನ ನೀರು ಹೆಚ್ಚುಕಡಿಮೆ ಶುದ್ಧ ನೀರು. ಅದನ್ನು ಜಲ್ಲಿ, ಮರಳಿನಲ್ಲಿ ಸೋಸಿ ಬಾವಿಗೋ ಇಂಗುಗುಂಡಿಗೋ ಬಿಡಬೇಕು. ಅಂಗಳದ, ರಸ್ತೆಯ ನೀರನ್ನು ಮಾತ್ರ ಯಾವತ್ತೂ ಬಾವಿಗೆ ಬಿಡಬಾರದು. ಮಳೆಕೊಯ್ಲಿನ ಉತ್ಸಾಹದಲ್ಲಿ ಈ ವ್ಯತ್ಯಾಸ ಮರೆತವರನ್ನು ನೋಡಿದ್ದೇನೆ.

ಬೋರ್‌ವೆಲ್ ನೀರು ಆಳದ್ದು, ಅದಕ್ಕೆ ಏನೂ ಆಗುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕೇಸಿಂಗ್ ಪೈಪ್ ಗಟ್ಟಿ ಬಂಡೆಯೊಳಗೆ ಕೂರದಿದ್ದರೆ, ಅದರ ಸುತ್ತಲಿನ ಸಂದು ಮುಚ್ಚದಿದ್ದರೆ, ಮೇಲಿನ ಕೊಳೆ ನೀರು ಪೈಪಿನ ಹೊರಮೈ ಹಿಡಿದು ಕೆಳಗೆ ಇಳಿಯುತ್ತದೆ.

ಸಮುದ್ರದ ಬದಿಯವರ ಕಷ್ಟ ಇನ್ನೊಂದು ತರಹ. ಪಡುಕೆರೆ, ಕೋಡಿ ಬೆಂಗ್ರೆ, ಮಂಗಳೂರಿನ ಬೆಂಗ್ರೆ. ಇವೆಲ್ಲ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಮರಳಿನ ಪಟ್ಟಿಗಳು. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತದೆ. ಮಳೆ ನೀರು ಹಗುರ, ಕಡಲ ನೀರು ಸ್ವಲ್ಪ ಭಾರ. ಆ ಸ್ವಲ್ಪ ವ್ಯತ್ಯಾಸದಿಂದ ಒಂದು ದೊಡ್ಡ ಲೆಕ್ಕ ಹುಟ್ಟುತ್ತದೆ. ಕಡಲ ಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರುತ್ತದೆ. ಇದನ್ನು ನೂರು ವರ್ಷಕ್ಕೂ ಹಿಂದೆ ಘೈಬೆನ್, ಹರ್ಜ್‌ಬರ್ಗ್ ಎಂಬ ಇಬ್ಬರು ಯುರೋಪಿನಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡರು. ಇದನ್ನು ತಿರುಗಿಸಿ ಓದಿದರೆ ಎದೆ ನಡುಗುತ್ತದೆ. ಪಂಪು ಹಾಕಿ ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪುನೀರು ನಿಧಾನವಾಗಿ ನಲವತ್ತು ಅಡಿ ಮೇಲೆ ಬರುತ್ತದೆ. ಬಾವಿಯನ್ನು ಇನ್ನೂ ಆಳ ಮಾಡಿದರೆ ನಾವೇ ಉಪ್ಪಿನ ಹತ್ತಿರ ಹೋದ ಹಾಗೆ. ಅಲ್ಲಿನ ಹಿರಿಯರು ಆಳವಿಲ್ಲದ ಬಾವಿಯಿಂದ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಸೇದುತ್ತಿದ್ದರು. ಅವರ ಕೈಗೆ ಲೆಕ್ಕ ಗೊತ್ತಿತ್ತು. ಹೊಳೆಯಲ್ಲಿ ಮರಳು ತೆಗೆದು ತಳ ಆಳವಾದ ಕಡೆ ಭರತದ ಉಪ್ಪುನೀರು ಇನ್ನೂ ಮೇಲಕ್ಕೆ ಬರುತ್ತದೆ. ಹೊಳೆಯ ಬದಿಯ ಬಾವಿಗಳ ರುಚಿ ಅದರ ಜೊತೆಗೆ ಬದಲಾಗುತ್ತದೆ.

ಇಷ್ಟೆಲ್ಲ ಆದರೂ ನಾವು ಬಾವಿಯನ್ನು ಖಾಸಗಿ ಆಸ್ತಿ ಎಂದೇ ನೋಡುತ್ತೇವೆ. ಇದರ ಬೇರು ಕಾನೂನಿನಲ್ಲೂ ಇದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆ ಜಮೀನಿನ ಮಾಲೀಕನಿಗೆ ತನ್ನ ಜಾಗದ ಕೆಳಗಿನ ನೀರನ್ನು ತೆಗೆದು ಬಳಸುವ ಹಕ್ಕು ಕೊಟ್ಟಿತು. ಬ್ರಿಟಿಷರ ಕಾಲದ ಆ ಯೋಚನೆ ನಮ್ಮ ತಲೆಯಲ್ಲಿ ಹಾಗೆಯೇ ಕೂತಿದೆ. ನೆಲ ನನ್ನದು, ನೀರೂ ನನ್ನದು, ಪಿಟ್ ಎಲ್ಲಿ ತೋಡಿದರೆ ನಿನಗೇನು? ಆದರೆ 1974ರ ಜಲ ಮಾಲಿನ್ಯ ತಡೆ ಕಾಯ್ದೆ ಬೇರೆಯೇ ಮಾತು ಹೇಳುತ್ತದೆ. ಅದರ 24ನೇ ಕಲಮಿನ ಪ್ರಕಾರ ಗೊತ್ತಿದ್ದೂ ಹೊಳೆಗೆ, ಬಾವಿಗೆ, ನೆಲಕ್ಕೆ ಮಲಿನ ವಸ್ತು ಸೇರಿಸುವ ಹಾಗಿಲ್ಲ. ನೆಲದೊಳಗಿನ ನೀರನ್ನೂ ಆ ಕಾಯ್ದೆ ಹೊಳೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಕೊಳೆಯಿಲ್ಲದ ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಕಾನೂನು ಇಲ್ಲ ಎನ್ನುವ ಹಾಗಿಲ್ಲ. ಆದರೆ ನಾನು ನೋಡಿದ ಲೇಔಟ್ ನಕ್ಷೆಗಳಲ್ಲಿ ರಸ್ತೆ ಎಷ್ಟು ಅಗಲ ಎಂದು ಬರೆದಿತ್ತು, ಪಾರ್ಕ್ ಎಲ್ಲಿ ಎಂದು ಬರೆದಿತ್ತು. ಇಪ್ಪತ್ತು ಬಾವಿ, ಇಪ್ಪತ್ತು ಪಿಟ್ ಎಲ್ಲಿ ಬರುತ್ತವೆ ಎಂದು ಯಾವ ನಕ್ಷೆಯಲ್ಲೂ ಇರಲಿಲ್ಲ.

ನನ್ನ ಪ್ರಕಾರ ಮೊದಲು ಬದಲಾಗಬೇಕಾದ್ದು ಇದೇ. ಸಣ್ಣ ಸೈಟುಗಳ ಲೇಔಟಿಗೆ ಒಪ್ಪಿಗೆ ಕೊಡುವಾಗ, ಮೇಲಿನ ಬದಿಯಲ್ಲಿ ಎಲ್ಲರಿಗೂ ಸೇರಿ ಒಂದೋ ಎರಡೋ ಬಾವಿ, ಕೆಳಗಿನ ಬದಿಯಲ್ಲಿ ಎಲ್ಲರ ಕೊಳೆ ನೀರಿಗೆ ಒಂದು ಶುದ್ಧೀಕರಣ ಘಟಕ ಇರಲೇಬೇಕು ಎಂದು ಹೇಳಬೇಕು. ಕಟ್ಟಿದ ಮೇಲೆ ಸರಿಪಡಿಸುವುದು ತುಂಬಾ ಕಷ್ಟ.

ಈಗಾಗಲೇ ಕಟ್ಟಿದವರು ಏನು ಮಾಡಬೇಕು? ತಳಕ್ಕೂ ಬದಿಗೂ ಸಿಮೆಂಟ್ ಹಾಕಿದ, ನೀರು ಸೋರದ ನಿಜವಾದ ಟ್ಯಾಂಕ್ ಮಾಡಿಸಬೇಕು. ಅದರಿಂದ ಹೊರಬರುವ ನೀರನ್ನು ಆಳದ ಗುಂಡಿಗೆ ಬಿಡುವ ಬದಲು ಒಂದೆರಡು ಅಡಿ ಆಳದ, ಉದ್ದನೆಯ, ಜಲ್ಲಿ ತುಂಬಿದ ಚರಿ ಎಂಬ ಕಾಲುವೆಗೆ ಬಿಡಬೇಕು. ಬಾವಿಯಿಂದ ಆದಷ್ಟು ದೂರ, ಇಳಿಜಾರಿನ ಕೆಳಬದಿಗೆ. ಮೇಲುಮಣ್ಣಿನಲ್ಲಿ ಗಾಳಿ ಇದೆ, ಕೊಳೆ ತಿನ್ನುವ ಜೀವಿಗಳಿವೆ. ಬದಿಯಲ್ಲಿ ಬಾಳೆ, ಕೆಸು ನೆಟ್ಟರೆ ಅವು ನೀರನ್ನೂ ಗೊಬ್ಬರವನ್ನೂ ಎಳೆದುಕೊಳ್ಳುತ್ತವೆ. ಟ್ಯಾಂಕನ್ನು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಖಾಲಿ ಮಾಡುವ ಗಾಡಿ ಅದನ್ನು ಎಲ್ಲಿ ಸುರಿಯುತ್ತದೆ ಎಂದು ಕೇಳುವ ಹಕ್ಕೂ ನಮಗಿದೆ. ರಾತ್ರಿ ಯಾವುದೋ ತೋಡಿಗೆ ಬಿಟ್ಟರೆ ನಮ್ಮ ಕೊಳೆ ಇನ್ನೊಬ್ಬರ ಬಾವಿಗೆ ಹೋಯಿತು, ಅಷ್ಟೆ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಕೆಸರನ್ನು ಶುದ್ಧ ಮಾಡುವ ಘಟಕ ಶುರುವಾಗಿದೆ. ತಾಲೂಕಿಗೊಂದು ಬೇಕು.

ಬಾವಿಯ ಬಾಯಿಯನ್ನೂ ನೋಡಿಕೊಳ್ಳಬೇಕು. ಕಟ್ಟೆಯ ಸುತ್ತ ಒಂದು ಮೀಟರ್ ಸಿಮೆಂಟ್ ಹಾಸು, ಚೆಲ್ಲಿದ ನೀರು ದೂರ ಹೋಗುವ ಇಳಿಜಾರು, ಒಳಗೋಡೆಯ ಮೇಲಿನ ಹತ್ತು ಅಡಿಗೆ ಸೋರದ ಗಾರೆ. ಬಟ್ಟೆ ಒಗೆಯುವ ಕಲ್ಲು ಬಾವಿಕಟ್ಟೆಯ ಪಕ್ಕದಲ್ಲಿ ಬೇಡ.

ಬ್ಲೀಚಿಂಗ್ ಪುಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಇದನ್ನು ಮುಷ್ಟಿ ಲೆಕ್ಕದಲ್ಲಿ ಹಾಕುತ್ತಾರೆ. ಒಂದೋ ತೀರಾ ಕಡಿಮೆ, ಇಲ್ಲವೋ ನೀರು ಬಾಯಿಗೆ ಇಡಲಾಗದಷ್ಟು ಜಾಸ್ತಿ. ಮಾಮೂಲಿ ಲೆಕ್ಕ 1,000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಪುಡಿ. 8 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರಿದ್ದರೆ ಅದು ಸುಮಾರು 14,000 ಲೀಟರ್. ಅದಕ್ಕೆ 35 ಗ್ರಾಂ ಸಾಕು. ಪುಡಿಯನ್ನು ನೇರ ಬಾವಿಗೆ ಎಸೆಯಬಾರದು. ಬಕೆಟ್‌ನಲ್ಲಿ ಸ್ವಲ್ಪ ನೀರಿನ ಜೊತೆ ಕಲಸಿ, ಮತ್ತೆ ನೀರು ಸೇರಿಸಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಸಿದು, ಅದನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಎಳೆದು ಚೆನ್ನಾಗಿ ಕಲಕಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕುವುದೇ ಒಳ್ಳೆಯದು. ಬಾಯಿ ಬಿಚ್ಚಿಟ್ಟ ಹಳೆಯ ಪ್ಯಾಕೆಟಿನ ಪುಡಿಯಲ್ಲಿ ಶಕ್ತಿ ಇರುವುದಿಲ್ಲ. ಎಷ್ಟೇ ಸರಿಯಾಗಿ ಹಾಕಿದರೂ ಮಳೆಗಾಲದಲ್ಲಿ ಹೊಸ ಒರತೆ ಬರುತ್ತಲೇ ಇರುತ್ತದೆ. ಒಂದೆರಡು ದಿನದಲ್ಲಿ ಅದರ ಕೆಲಸ ಮುಗಿಯುತ್ತದೆ. ಹಾಗಾಗಿ ಕುಡಿಯುವ ನೀರನ್ನು ಕುದಿಸುವುದು ತಪ್ಪುವುದಿಲ್ಲ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಬರೀ ಬಿಸಿ ಮಾಡಿದರೆ ಆಗುವುದಿಲ್ಲ.

ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಿಸಬೇಕು. ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಆಟಿಯಲ್ಲಿ. ಬೇಸಿಗೆಯಲ್ಲಿ ಮಾತ್ರ ಮಾಡಿಸಿ "ನೀರು ಚೆನ್ನಾಗಿದೆ" ಎಂದು ಸಮಾಧಾನ ಪಟ್ಟುಕೊಂಡರೆ ಮೋಸ ಹೋಗುತ್ತೇವೆ. ಜಲ ಜೀವನ್ ಮಿಷನ್ ಶುರುವಾದ ಮೇಲೆ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷೆಯ ಕಿಟ್ ಬಂದಿದೆ, ಹಳ್ಳಿಯ ಮಹಿಳೆಯರಿಗೆ ತರಬೇತಿ ಕೊಟ್ಟಿದ್ದಾರೆ. ಕೇಳಿ ಮಾಡಿಸಿಕೊಳ್ಳಬೇಕು. ಕುಡಿಯುವ ನೀರಿನ ಮಾನದಂಡದ ಪ್ರಕಾರ 100 ಮಿಲಿಲೀಟರ್‌ನಲ್ಲಿ ಮಲದ ಬ್ಯಾಕ್ಟೀರಿಯಾ ಇ-ಕೋಲಿ ಒಂದೇ ಒಂದು ಕೂಡ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನೈಟ್ರೇಟ್ ಹೆಚ್ಚುತ್ತಾ ಹೋದರೆ ಹತ್ತಿರ ಎಲ್ಲೋ ಪಿಟ್ಟೋ ಗೊಬ್ಬರವೋ ಸೇರುತ್ತಿದೆ ಎಂದು ಅರ್ಥ. ಅದು ಸಣ್ಣ ಶಿಶುಗಳಿಗೆ ಅಪಾಯ, ಕುದಿಸಿದರೂ ಹೋಗುವುದಿಲ್ಲ.

ನಮ್ಮ ಓಣಿಯ ಕತೆಗೆ ಮರಳುತ್ತೇನೆ. ಕಳೆದ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ ಜಾತ್ರೆ, ಕೋಲಗಳು ಮುಗಿಯುವ ಪತ್ತನಾಜೆಗೆ ಹತ್ತು ದಿನ ಇರುವಾಗ, ನಾವು 11 ಮನೆಯವರು ಒಂದು ಭಾನುವಾರ ಟೇಪು ಹಿಡಿದು ಅಳೆದೆವು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲರ ಬಾವಿ, ಎಲ್ಲರ ಪಿಟ್, ನೆಲ ಯಾವ ಕಡೆ ಇಳಿಯುತ್ತದೆ ಎಂದು ಬರೆದೆವು. ಬಾವಿಗೆ ಸುತ್ತು, ಪಿಟ್ಟಿಗೆ ಗುಣಾಕಾರದ ಗುರುತು. 60 ಅಡಿ ಯಾರಿಗೂ ಇರಲಿಲ್ಲ. ಎಲ್ಲಕ್ಕಿಂತ ಕಡಿಮೆ ದೂರ ಇದ್ದದ್ದು ನಮ್ಮ ಪಿಟ್ಟಿಗೂ ಕೆಳಗಿನ ಮನೆಯ ಅಕ್ಕನ ಬಾವಿಗೂ. 14 ಅಡಿ. ಅದೂ ನಮ್ಮದು ಮೇಲ್ಬದಿ. ಮೂರು ವರ್ಷದ ಹಿಂದೆ ಕಾಮಾಲೆ ಬಂದ ಮಕ್ಕಳಲ್ಲಿ ಒಂದು ಅವರ ಮೊಮ್ಮಗಳು. ನನಗೆ ಮಾತೇ ಹೊರಡಲಿಲ್ಲ. ಅಕ್ಕನೇ ಟೇಪು ಸುತ್ತುತ್ತಾ, "ನಿಮಗೆ ಗೊತ್ತಿರಲಿಲ್ಲ ಅಲ್ವಾ, ಈಗ ಗೊತ್ತಾಯಿತಲ್ಲ" ಎಂದರು.

ಮೇಸ್ತ್ರಿಯನ್ನು ಕರೆಸಿ ಮಳೆ ಹಿಡಿಯುವ ಮೊದಲು ಹಳೆಯ ಪಿಟ್ ಖಾಲಿ ಮಾಡಿಸಿ ಮುಚ್ಚಿದೆವು. ಪಡುಬದಿಯಲ್ಲಿ ಸೋರದ ಟ್ಯಾಂಕ್ ಕಟ್ಟಿಸಿ, ಬಾಳೆ ಬುಡಕ್ಕೆ ಚರಿ ತೆಗೆಸಿದೆವು. ಇನ್ನೂ ನಾಲ್ಕು ಮನೆಯವರು ಇದೇ ಮಾಡಿದರು. ಆಟಿಯಲ್ಲಿ ಎಲ್ಲ ಬಾವಿಯ ನೀರನ್ನು ಬಾಟಲಿಗೆ ತುಂಬಿಸಿ ನಮ್ಮ ಜಗಲಿಯಲ್ಲಿ ಸಾಲಾಗಿ ಇಟ್ಟೆವು. ಎರಡನೇ ದಿನ ಸಂಜೆಯವರೆಗೂ ಅಕ್ಕನ ಬಾಟಲಿ ಕಪ್ಪಾಗಲಿಲ್ಲ. ನಮ್ಮದು ಕಪ್ಪಾಯಿತು. ನಕ್ಷೆ ನೋಡಿದರೆ ಕಾರಣ ಕಾಣುತ್ತದೆ. ನಮ್ಮ ಮೇಲಿನ ಮನೆಯ ಪಿಟ್ ನಮ್ಮ ಬಾವಿಗೆ 19 ಅಡಿ. ಆ ಮನೆಯಲ್ಲಿ ಬಾಡಿಗೆಗೆ ಇದ್ದಾರೆ. ಯಜಮಾನರು ಮುಂಬೈಯಲ್ಲಿ. ಫೋನಿನಲ್ಲಿ ಹೇಳಿದರೆ ಇಂಥ ವಿಷಯ ತಲೆಗೆ ಹೋಗುವುದಿಲ್ಲ. ದೀಪಾವಳಿಗೆ ಊರಿಗೆ ಬರುತ್ತಾರಂತೆ. ನೀರು ತುಂಬುವ ಹಬ್ಬದ ಸಂಜೆ, ಬಾವಿಗೆ ಹೂವಿಟ್ಟು ದೀಪ ಹಚ್ಚುವ ಹೊತ್ತಿಗೆ, ಅಕ್ಕನೂ ನಾನೂ ಆ ಕ್ಯಾಲೆಂಡರ್ ಹಿಡಿದುಕೊಂಡು ಅವರ ಮನೆಗೆ ಹೋಗುತ್ತೇವೆ.